ಲೀಡ್ ಪಕ್ಕದಲ್ಲಿ ವಿಮಾನ ನಿಲ್ಲದಿದ್ದಾಗ: ಆನ್‌ಲೈನ್ ಸಿಮ್ಯುಲೇಟರ್ ಫಾರ್ಮೇಶನ್‌ಗೊಂದು ದೋಷ ನಿವಾರಣೆ ಕೈಪಿಡಿ

ಟೇಕಾಫ್, ಲ್ಯಾಂಡಿಂಗ್, ದಾರಿ ಹಿಡಿಯುವುದು ಎಲ್ಲವನ್ನೂ ಕಲಿತ ಮೇಲೂ, ಇನ್ನೊಬ್ಬ ಆಟಗಾರನ ವಿಮಾನದ ಪಕ್ಕದಲ್ಲಿ ಹತ್ತು ಹದಿನೈದು ಮೀಟರ್ ಅಂತರ ಉಳಿಸಿಕೊಂಡು ಹಾರಲು ಸಾಧ್ಯವಾಗದವರಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಹೀಗೆ ಜೊತೆಯಾಗಿ ಹಾರುವುದೇ ಫಾರ್ಮೇಶನ್. ಮುಂದಾಳಾಗಿ ಹಾರುವವನು ಲೀಡ್, ಅವನನ್ನು ನೋಡಿ ಸ್ಥಾನ ಹಿಡಿಯುವವನು ವಿಂಗ್‌ಮನ್. ಉದಾಹರಣೆಗಳನ್ನು ಡಿಸಿಎಸ್ ವರ್ಲ್ಡ್ ಎಂಬ ಯುದ್ಧವಿಮಾನ ಸಿಮ್ಯುಲೇಟರ್‌ನಿಂದ, ಅದರಲ್ಲೂ ಹೆಚ್ಚಾಗಿ ಎಫ್/ಎ-18ಸಿ ವಿಮಾನದಿಂದ ತೆಗೆದುಕೊಂಡಿದ್ದೇನೆ. ಆ ವಿಮಾನವನ್ನು ಕೊಳ್ಳದವರು ಉಚಿತವಾಗಿ ಸಿಗುವ ಸು-25ಟಿ ಅಥವಾ ಟಿಎಫ್-51ಡಿಯಲ್ಲಿ ಇದೇ ಪರೀಕ್ಷೆಗಳನ್ನು ಮಾಡಬಹುದು. ಎಕ್ಸ್-ಪ್ಲೇನ್, ಫ್ಲೈಟ್‌ಗೇರ್ ಮುಂತಾದ ಬೇರೆ ಸಿಮ್ಯುಲೇಟರ್‌ಗಳಲ್ಲಿ ಗುಂಡಿಗಳ ಜಾಗ ಬೇರೆಯಾದರೂ ದೋಷದ ಸ್ವರೂಪ ಬೇರೆಯಾಗುವುದಿಲ್ಲ.

ಫಾರ್ಮೇಶನ್ ಹಾಳಾದಾಗ ಹೆಚ್ಚಿನವರು ತಕ್ಷಣ ಕೊಡುವ ಕಾರಣ ‘ನನ್ನ ಕೈ ಇನ್ನೂ ಪಳಗಿಲ್ಲ’ ಎಂಬುದು. ಕೆಲವರಿಗೆ ಅದು ನಿಜವೂ ಹೌದು. ಆದರೆ ಲೀಡ್ ವಿಮಾನ ಕಣ್ಣೆದುರು ಹಿಂದೆ ಮುಂದೆ ಸರಿಯುತ್ತಿರುವಂತೆ ಕಾಣುವ ಈ ಒಂದೇ ಲಕ್ಷಣಕ್ಕೆ ನೆಟ್‌ವರ್ಕ್, ಕಂಪ್ಯೂಟರಿನ ಫ್ರೇಮ್ ದರ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ), ಲೀಡ್ ಆಗಿರುವವನ ಹಾರಾಟ, ಜಾಯ್‌ಸ್ಟಿಕ್, ಪರದೆಯ ನೋಟದ ಕೋನ, ಥ್ರಾಟಲ್ (ಇಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಸನ್ನೆ) ಬಳಸುವ ರೀತಿ ಇವುಗಳಲ್ಲಿ ಯಾವುದು ಬೇಕಾದರೂ ಕಾರಣವಾಗಿರಬಹುದು. ಇವುಗಳನ್ನು ಒಂದೊಂದಾಗಿ, ಹೊರಗಿನಿಂದ ಒಳಗೆ, ಬೇರ್ಪಡಿಸುತ್ತ ಬರಬೇಕು. ನೆಟ್‌ವರ್ಕಿನ ದೋಷ ಹಾಗೆಯೇ ಇರುವಾಗ ಥ್ರಾಟಲ್ ಅಭ್ಯಾಸ ಮಾಡಿದರೆ, ಇಲ್ಲದ ಚಲನೆಯನ್ನು ಬೆನ್ನಟ್ಟುವ ಕೆಟ್ಟ ಅಭ್ಯಾಸವೊಂದು ಕೈಗೆ ಅಂಟುತ್ತದೆ. ಅದನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಒಬ್ಬರೇ ಹಾರುವ ಪರೀಕ್ಷೆ

ಆನ್‌ಲೈನ್‌ನಿಂದ ಹೊರಬಂದು ಮಿಷನ್ ಎಡಿಟರ್‌ನಲ್ಲಿ ಒಂದು ಸಣ್ಣ ಮಿಷನ್ ಮಾಡಿಕೊಳ್ಳಿ. ಕಂಪ್ಯೂಟರ್ ಹಾರಿಸುವ ಒಂದು ವಿಮಾನವನ್ನು 5,000 ಅಡಿ ಎತ್ತರದಲ್ಲಿ, 300 ನಾಟ್ ವೇಗದಲ್ಲಿ, 60 ನಾಟಿಕಲ್ ಮೈಲಿಗಳ ಒಂದೇ ನೇರ ಗೆರೆಯಲ್ಲಿ ಬಿಡಿ. ಹನ್ನೆರಡು ನಿಮಿಷಗಳ ತಿರುವಿಲ್ಲದ ಹಾರಾಟ ಸಿಗುತ್ತದೆ. ಗಾಳಿಯನ್ನು ಸೊನ್ನೆಗೆ ಇಳಿಸಿ, ಮೋಡಗಳನ್ನು ತೆಗೆದುಹಾಕಿ, ನಿಮ್ಮ ವಿಮಾನವನ್ನು ಅದರ ಹಿಂದೆ ಒಂದು ಮೈಲಿ ದೂರದಲ್ಲಿ ಆಕಾಶದಲ್ಲೇ ಆರಂಭಿಸಿ. ಕಂಪ್ಯೂಟರ್ ಲೀಡ್ ತಿರುವಿನಲ್ಲಿ ಯಾವ ಮುನ್ಸೂಚನೆಯನ್ನೂ ಕೊಡದೆ ಸರಕ್ಕನೆ ವಾಲುವುದರಿಂದ ತಿರುವುಗಳಲ್ಲಿ ಅದನ್ನು ನಂಬಿ ಯಾವ ತೀರ್ಮಾನಕ್ಕೂ ಬರಬಾರದು. ನಮಗೆ ಬೇಕಿರುವುದು ಆ ನೇರ ಗೆರೆ ಮಾತ್ರ.

ಇಲ್ಲಿ ಎರಡು ಮೂರು ನಿಮಿಷ ಒಂದೇ ಸ್ಥಾನದಲ್ಲಿ ನಿಲ್ಲಲು ಸಾಧ್ಯವಾಗಿ, ಸರ್ವರ್‌ಗೆ ಹೋದ ಕೂಡಲೇ ಎಲ್ಲ ಕೆಟ್ಟರೆ ಮುಂದಿನ ಎರಡು ಭಾಗಗಳನ್ನು ಓದಿ. ಇಲ್ಲಿಯೂ ನಿಲ್ಲಲಾಗದಿದ್ದರೆ ನೆಟ್‌ವರ್ಕನ್ನು ಮರೆತು ಜಾಯ್‌ಸ್ಟಿಕ್‌ನಿಂದ ಆರಂಭಿಸಿ. ಹಾಗೆಂದು ನೆಟ್‌ವರ್ಕ್ ನಿರ್ದೋಷಿ ಎಂದು ಸಾಬೀತಾದಂತಲ್ಲ. ಅದರ ಸರದಿ ಆಮೇಲೆ ಬರುತ್ತದೆ, ಅಷ್ಟೇ.

ನೆಟ್‌ವರ್ಕ್ ಮತ್ತು ಫ್ರೇಮ್ ದರ

ಲೀಡ್ ವಿಮಾನ ಜಿಗಿಯುತ್ತಿದೆ ಎನ್ನಿಸಿದಾಗ ಮೊದಲು ನೋಡಬೇಕಾದದ್ದು ಅದರ ಹಿಂದೆ ಕಾಣುವ ನೆಲವನ್ನು. ನೆಲ ನುಣುಪಾಗಿ ಸಾಗುತ್ತಿದ್ದು ಲೀಡ್ ಒಂದೇ ಜಿಗಿದರೆ ಅದು ನೆಟ್‌ವರ್ಕಿನ ದೋಷ. ನೆಲ, ಮೋಡ, ಲೀಡ್ ಎಲ್ಲವೂ ಒಟ್ಟಿಗೆ ತಡವರಿಸಿದರೆ ಅದು ನಿಮ್ಮ ಕಂಪ್ಯೂಟರಿನ ದೋಷ. ಎರಡನೆಯದಾದರೆ ಡಿಸಿಎಸ್‌ನಲ್ಲಿ ಬಲಗಡೆಯ ಕಂಟ್ರೋಲ್ ಮತ್ತು ಪಾಸ್ (Pause) ಕೀಗಳನ್ನು ಒಟ್ಟಿಗೆ ಒತ್ತಿ ಫ್ರೇಮ್ ದರವನ್ನು ಪರದೆಯ ಮೇಲೆ ತಂದುಕೊಳ್ಳಿ. ಫಾರ್ಮೇಶನ್‌ಗೆ ದೊಡ್ಡ ಸಂಖ್ಯೆಗಿಂತ ಸ್ಥಿರ ಸಂಖ್ಯೆ ಮುಖ್ಯ: 90ರಿಂದ 40ಕ್ಕೆ ಬಿದ್ದು ಏಳುವ ಯಂತ್ರಕ್ಕಿಂತ 45ರಲ್ಲಿ ಕದಲದೆ ನಿಂತ ಯಂತ್ರದಲ್ಲಿ ಹಾರುವುದು ಸುಲಭ. ನೆರಳು ಮತ್ತು ಮೋಡಗಳ ಗುಣಮಟ್ಟ ಇಳಿಸಿ, ಫ್ರೇಮ್ ದರಕ್ಕೊಂದು ಮಿತಿ ಹಾಕಿದರೆ ಬಹಳಷ್ಟು ಮಂದಿಗೆ ಅಲ್ಲಿಗೇ ಮುಗಿಯುತ್ತದೆ.

ನೆಟ್‌ವರ್ಕಿನ ಲೆಕ್ಕ ಸ್ವಲ್ಪ ವಿವರ ಬೇಡುತ್ತದೆ. 300 ನಾಟ್ ಎಂದರೆ ಸೆಕೆಂಡಿಗೆ ಸುಮಾರು 154 ಮೀಟರ್. ನಿಮಗೂ ಲೀಡ್‌ಗೂ ಸರ್ವರ್‌ನಿಂದ ತಲಾ 100 ಮಿಲಿಸೆಕೆಂಡ್ ಪಿಂಗ್ (ಮಾಹಿತಿ ಹೋಗಿ ಬರಲು ಹಿಡಿಯುವ ಹೊತ್ತು) ಇದ್ದರೆ, ಲೀಡ್‌ನ ಸ್ಥಾನದ ಮಾಹಿತಿ ಅವನಿಂದ ಸರ್ವರ್‌ಗೆ ಸುಮಾರು 50, ಸರ್ವರ್‌ನಿಂದ ನಿಮಗೆ ಇನ್ನೊಂದು 50 ಮಿಲಿಸೆಕೆಂಡ್ ತೆಗೆದುಕೊಂಡು ತಲುಪುತ್ತದೆ. ಅಷ್ಟರಲ್ಲಿ ಅವನು 15 ಮೀಟರ್ ಮುಂದೆ ಹೋಗಿರುತ್ತಾನೆ. ಈ ಅಂತರವನ್ನು ಸಿಮ್ಯುಲೇಟರ್ ತುಂಬಿಕೊಡದಿದ್ದರೆ, ನೀವು ಹಳೆಯ ಲೀಡ್‌ನ ಪಕ್ಕದಲ್ಲಿ ಸರಿಯಾಗಿ ನಿಂತಾಗ ನಿಜವಾದ ಲೀಡ್‌ಗಿಂತ 15 ಮೀಟರ್ ಹಿಂದೆ ಇರುತ್ತೀರಿ. ನಿಮ್ಮ ಸ್ಥಾನ ಅವನ ಪರದೆಗೆ ತಲುಪುವಾಗ ಮತ್ತೆ 15 ಮೀಟರ್ ಸೇರಿ, ಅವನಿಗೆ ನೀವು 30 ಮೀಟರ್ ಹಿಂದೆ ಬಿದ್ದಂತೆ ಕಾಣುತ್ತೀರಿ. ‘ನಾನು ಸರಿಯಾಗಿಯೇ ಇದ್ದೇನೆ’, ‘ಇಲ್ಲ, ನೀನು ಹಿಂದಿದ್ದೀಯ’ ಎಂದು ಇಬ್ಬರು ಒಳ್ಳೆಯ ಸ್ನೇಹಿತರು ಡಿಸ್ಕಾರ್ಡ್‌ನಲ್ಲಿ ಗಂಟೆಗಟ್ಟಲೆ ವಾದಿಸುವುದು ಹೀಗೆ, ಮತ್ತು ಇಬ್ಬರ ಮಾತೂ ನಿಜವೇ ಆಗಿರುತ್ತದೆ. ಇಬ್ಬರೂ ಮೂರು ಎಣಿಸಿ ಒಂದೇ ಕ್ಷಣಕ್ಕೆ ಸ್ಕ್ರೀನ್‌ಶಾಟ್ ತೆಗೆದು ಹೋಲಿಸಿದರೆ ವಾದ ಮುಗಿಯುತ್ತದೆ.

ಸಾಮಾನ್ಯವಾಗಿ ಸಿಮ್ಯುಲೇಟರ್‌ಗಳು ಕೊನೆಗೆ ತಿಳಿದ ಸ್ಥಾನ ಮತ್ತು ವೇಗಗಳಿಂದ ಮುಂದಿನ ಸ್ಥಾನವನ್ನು ಊಹಿಸಿ ತೋರಿಸುತ್ತವೆ. ನೇರ ಹಾರಾಟದಲ್ಲಿ ಈ ಊಹೆ ಬಹುಮಟ್ಟಿಗೆ ಸರಿಯಾಗಿರುತ್ತದೆ. ಲೀಡ್ ವಾಲಿದ ಕ್ಷಣ ತಪ್ಪುತ್ತದೆ. ಅರುವತ್ತು ಡಿಗ್ರಿ ವಾಲಿ ಮಟ್ಟಸವಾಗಿ ತಿರುಗುವ ವಿಮಾನ ಬದಿಗೆ ಪ್ರತಿ ಸೆಕೆಂಡಿಗೂ, ಸೆಕೆಂಡಿಗೆ 17 ಮೀಟರ್‌ನಷ್ಟು ವೇಗೋತ್ಕರ್ಷ ಪಡೆಯುತ್ತದೆ. ಮಾಹಿತಿ 0.2 ಸೆಕೆಂಡ್ ತಡವಾದರೆ ಊಹೆಯ ತಪ್ಪು ಸುಮಾರು 34 ಸೆಂಟಿಮೀಟರ್. ಪ್ಯಾಕೆಟ್‌ಗಳು (ನೆಟ್‌ವರ್ಕಿನಲ್ಲಿ ಸಾಗುವ ಮಾಹಿತಿಯ ತುಣುಕುಗಳು) ಕಳೆದುಹೋಗಿ ಅರ್ಧ ಸೆಕೆಂಡ್ ಮಾಹಿತಿಯೇ ಬಾರದಿದ್ದರೆ ತಪ್ಪು ಎರಡು ಮೀಟರ್ ದಾಟುತ್ತದೆ, ಹೊಸ ಮಾಹಿತಿ ಬಂದಾಗ ಲೀಡ್ ಅಷ್ಟು ದೂರ ಜಿಗಿಯುತ್ತಾನೆ. ಆದ್ದರಿಂದ ನೇರದಲ್ಲಿ ಚೆನ್ನಾಗಿದ್ದು ತಿರುವಿನ ಆರಂಭದಲ್ಲಿ ಮಾತ್ರ ಲೀಡ್ ನಡುಗಿದರೆ ಪಿಂಗ್‌ನ ಸರಾಸರಿಯನ್ನು ದೂರುವ ಬದಲು ಪಿಂಗ್‌ನ ಏರಿಳಿತವನ್ನೂ ಪ್ಯಾಕೆಟ್ ನಷ್ಟವನ್ನೂ ಹುಡುಕಿ. ಏರಿಳಿತವಿಲ್ಲದ 150 ಮಿಲಿಸೆಕೆಂಡ್, 40ಕ್ಕೂ 200ಕ್ಕೂ ನಡುವೆ ಕುಣಿಯುವ ಸಂಪರ್ಕಕ್ಕಿಂತ ಎಷ್ಟೋ ಮೇಲು.

ಹುಡುಕುವ ಬಗೆ ಸರಳ. ಕಮಾಂಡ್ ವಿಂಡೋ ತೆರೆದು ಮೊದಲು ಮನೆಯ ರೂಟರ್‌ಗೆ, ಅಂದರೆ ಬಹುತೇಕ 192.168.1.1 ಅಥವಾ 192.168.0.1 ವಿಳಾಸಕ್ಕೆ, ನಿರಂತರ ಪಿಂಗ್ ಕಳಿಸಿ. ರೂಟರ್‌ವರೆಗಿನ ಸಂಖ್ಯೆಯೇ ಕುಣಿಯುತ್ತಿದ್ದರೆ ದೋಷ ನಿಮ್ಮ ವೈಫೈನಲ್ಲಿದೆ. ಕೇಬಲ್ ಎಳೆಯುವುದೊಂದೇ ಸರಿಯಾದ ಮದ್ದು, ಅದಾಗದಿದ್ದರೆ 5 ಗಿಗಾಹರ್ಟ್ಸ್ ಬ್ಯಾಂಡಿಗೆ ಬದಲಿಸಿ. ರೂಟರ್‌ವರೆಗೆ ಎಲ್ಲ ನೆಟ್ಟಗಿದ್ದು ಆಚೆಗೆ ಕುಣಿದರೆ, ಅದೇ ಹೊತ್ತಿಗೆ ಮನೆಯ ಯಾವುದಾದರೂ ಫೋನ್ ಫೋಟೋಗಳನ್ನು ಅಪ್‌ಲೋಡ್ ಮಾಡುತ್ತಿದೆಯೇ ಎಂದು ನೋಡಿ. ಅಪ್‌ಲೋಡ್ ತುಂಬಿದಾಗ ನಿಮ್ಮ ಸ್ಥಾನದ ಮಾಹಿತಿ ಸರದಿಯಲ್ಲಿ ಕಾಯುತ್ತದೆ, ಹಾಗಾಗಿ ನಿಮ್ಮ ಪರದೆಯಲ್ಲಿ ಎಲ್ಲ ಸರಿ ಕಂಡರೂ ಉಳಿದವರಿಗೆ ನೀವು ನಡುಗುತ್ತಿರುತ್ತೀರಿ. ದೂರವೊಂದನ್ನು ಮಾತ್ರ ಯಾರೂ ಸರಿಪಡಿಸಲಾರರು: ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ನೇರ ಗೆರೆಯಲ್ಲೇ ಸುಮಾರು 7,400 ಕಿಲೋಮೀಟರ್, ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ, ಆದ್ದರಿಂದ ಹೋಗಿ ಬರಲು 74 ಮಿಲಿಸೆಕೆಂಡ್‌ಗಿಂತ ಕಡಿಮೆ ಸಾಧ್ಯವೇ ಇಲ್ಲ, ಕೇಬಲ್‌ಗಳು ನೇರವಾಗಿ ಹೋಗದ ಕಾರಣ ವಾಸ್ತವದ ಸಂಖ್ಯೆ ಇದಕ್ಕಿಂತ ಸಾಕಷ್ಟು ಹೆಚ್ಚು. ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ದುಬೈನಲ್ಲಿ, ಮತ್ತೊಬ್ಬರು ಸಿಂಗಪುರದಲ್ಲಿ ಇರುವ ಗುಂಪು ಯೂರೋಪಿನ ಜನಪ್ರಿಯ ಸರ್ವರ್‌ನಲ್ಲಿ ಸೇರುವುದಕ್ಕಿಂತ ಮುಂಬೈನಲ್ಲಿ ಒಂದು ಬಾಡಿಗೆ ಸರ್ವರ್ ತೆಗೆದುಕೊಳ್ಳುವುದು ಒಳ್ಳೆಯದು.

ಲೀಡ್‌ನ ಪಾಲು

ಇಬ್ಬರು ಮೂವರು ವಿಂಗ್‌ಮನ್‌ಗಳು ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ ಅಲ್ಲಾಡಿದರೆ ದೋಷ ಮುಂದಿರುವವನದು. ಒಬ್ಬ ಮಾತ್ರ ಅಲ್ಲಾಡಿದರೆ ಅವನದೇ. ಲೀಡ್ ಥ್ರಾಟಲನ್ನು ಪೂರ್ತಿ ಮುಂದೆ ತಳ್ಳಿ ಹಾರುತ್ತಿದ್ದರೆ ಹಿಂದೆ ಬಿದ್ದ ವಿಂಗ್‌ಮನ್‌ಗೆ ಹಿಡಿಯಲು ಶಕ್ತಿಯೇ ಉಳಿದಿರುವುದಿಲ್ಲ. ಲೀಡ್ ತನ್ನ ಥ್ರಾಟಲನ್ನು ಒಂದು ಕಡೆ ಇಟ್ಟು, ಮೇಲೂ ಕೆಳಗೂ ಬೇಕಷ್ಟು ಜಾಗ ಬಿಟ್ಟು, ಅದನ್ನು ಮುಟ್ಟದಿರಬೇಕು. ವೇಗ ಎರಡು ನಾಟ್ ಹೆಚ್ಚು ಕಡಿಮೆಯಾದರೆ ಆಗಲಿ. 300 ನಾಟ್ ಎಂದರೆ 300 ನಾಟ್ ಎಂದು ಸದಾ ತಿದ್ದುತ್ತಲೇ ಇರುವ ಲೀಡ್‌ನ ಹಿಂದೆ ಯಾರೂ ನಿಲ್ಲಲಾರರು. ವಾಲುವಿಕೆ ನಿಧಾನವಾಗಿ ಆರಂಭವಾಗಿ, ಒಂದೇ ದರದಲ್ಲಿ ಸಾಗಿ, ನಿಧಾನವಾಗಿ ನಿಲ್ಲಬೇಕು. ಆಟೊಪೈಲಟ್‌ಗೆ ಲೀಡ್ ಕೆಲಸ ಒಪ್ಪಿಸುವುದು ನೇರ ಹಾರಾಟಕ್ಕೆ ಅಡ್ಡಿಯಿಲ್ಲ, ತಿರುವಿಗೆ ಬೇಡ.

ಧ್ವನಿಗೂ ತನ್ನದೇ ವಿಳಂಬವಿದೆ. ‘ಎಡಕ್ಕೆ ತಿರುಗುತ್ತಿದ್ದೇನೆ, ಈಗ’ ಎಂಬ ಮಾತಿನ ‘ಈಗ’ ನಿಮ್ಮ ಕಿವಿಗೆ ಬೀಳುವ ಹೊತ್ತಿಗೂ ಪರದೆಯಲ್ಲಿ ರೆಕ್ಕೆ ಅಲುಗುವ ಹೊತ್ತಿಗೂ ಹೊಂದಿಕೆ ಇರಲೇಬೇಕೆಂದಿಲ್ಲ. ಮಾತು ಕೇಳಿ ಸಿದ್ಧರಾಗಿ, ರೆಕ್ಕೆ ನೋಡಿ ಚಲಿಸಿ.

ಜಾಯ್‌ಸ್ಟಿಕ್ ಮತ್ತು ಥ್ರಾಟಲ್ ಉಪಕರಣ

ಡಿಸಿಎಸ್‌ನಲ್ಲಿ ಹೊಸ ಉಪಕರಣ ಸಿಕ್ಕಿಸಿದಾಗ ಅದು ತಾನಾಗಿಯೇ ಆ ಉಪಕರಣದ ಅಕ್ಷಗಳನ್ನು (ಹಿಂದೆ ಮುಂದೆ ಸರಿಯುವ ನಿಯಂತ್ರಣಗಳನ್ನು) ವಿಮಾನದ ಕೆಲಸಗಳಿಗೆ ಜೋಡಿಸಿಬಿಡುತ್ತದೆ. ಹೀಗಾಗಿ ಥ್ರಾಟಲ್ ಒಂದೇ ಹೊತ್ತಿಗೆ ನಿಜವಾದ ಥ್ರಾಟಲ್ ಸನ್ನೆಗೂ, ಜಾಯ್‌ಸ್ಟಿಕ್ ಬುಡದ ಸಣ್ಣ ಸ್ಲೈಡರ್‌ಗೂ, ಕೆಲವೊಮ್ಮೆ ಪೆಡಲ್‌ಗೂ ಅಂಟಿಕೊಂಡಿರುತ್ತದೆ. ಇಂಜಿನ್ ಇದ್ದಕ್ಕಿದ್ದಂತೆ ಕ್ಷಣಕಾಲ ಬೇರೆ ಶಕ್ತಿಗೆ ಹಾರಿ ಹಿಂತಿರುಗಿದರೆ ಇದೇ ಕಾರಣ ಎಂದು ಬಹುಮಟ್ಟಿಗೆ ಹೇಳಬಹುದು. ನಿಯಂತ್ರಣಗಳ ಪುಟದಲ್ಲಿ ಅಕ್ಷಗಳ ಪಟ್ಟಿ ತೆರೆದು, ಪಿಚ್ (ಮೂಗು ಮೇಲೆ ಕೆಳಗೆ), ರೋಲ್ (ಪಕ್ಕಕ್ಕೆ ವಾಲುವುದು), ರಡ್ಡರ್ (ಮೂಗು ಎಡ ಬಲಕ್ಕೆ), ಥ್ರಾಟಲ್ ಈ ನಾಲ್ಕು ಸಾಲುಗಳಲ್ಲಿ ಪ್ರತಿಯೊಂದಕ್ಕೂ ಒಂದೇ ಉಪಕರಣ ಇರುವಂತೆ ಉಳಿದದ್ದನ್ನು ಅಳಿಸಿ. ಪ್ರತಿ ವಿಮಾನಕ್ಕೂ ಈ ಪಟ್ಟಿ ಪ್ರತ್ಯೇಕವೆಂಬುದನ್ನು ಮರೆಯಬೇಡಿ.

ಅನಂತರ ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ ಜಾಯ್ ಡಾಟ್ ಸಿಪಿಎಲ್ (joy.cpl) ಎಂದು ಬರೆದು ಗೇಮ್ ಕಂಟ್ರೋಲರ್ ಕಿಟಕಿ ತೆರೆಯಿರಿ. ಥ್ರಾಟಲನ್ನು ಅರ್ಧದಲ್ಲಿ ಬಿಟ್ಟು ಕೈ ತೆಗೆಯಿರಿ. ಪಟ್ಟಿ ತಾನಾಗಿ ನಡುಗಿದರೆ ಒಳಗಿನ ಪೊಟೆನ್ಶಿಯೋಮೀಟರ್ (ಸನ್ನೆಯ ಸ್ಥಾನ ಅಳೆಯುವ ಭಾಗ) ಸವೆದಿದೆ ಅಥವಾ ಧೂಳು ಹಿಡಿದಿದೆ. ಸಂಪರ್ಕಗಳನ್ನು ಶುಚಿಮಾಡುವ ಸ್ಪ್ರೇ ಕೆಲವು ತಿಂಗಳ ಮಟ್ಟಿಗೆ ನೆರವಾಗಬಹುದು. ಆಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸಂವೇದಕಗಳಿರುವ ಉಪಕರಣಗಳಲ್ಲಿ ತಿಕ್ಕಾಡುವ ಭಾಗವಿಲ್ಲದ ಕಾರಣ ಈ ಸವಕಳಿ ಇಲ್ಲ. ಹೊಸದನ್ನು ಕೊಳ್ಳುವ ಹಣವಿದ್ದರೆ ಅದನ್ನು ಜಾಯ್‌ಸ್ಟಿಕ್‌ಗಿಂತ ಮೊದಲು ಥ್ರಾಟಲ್‌ಗೆ ಖರ್ಚು ಮಾಡಿ ಎಂಬುದು ನನ್ನ ಅಭಿಪ್ರಾಯ. ಮೂರು ಸೆಂಟಿಮೀಟರ್ ಚಲಿಸುವ ಸ್ಲೈಡರ್‌ನಲ್ಲಿ ಬೆರಳು ಒಂದು ಮಿಲಿಮೀಟರ್ ಸರಿದರೆ ಒಟ್ಟು ಶಕ್ತಿಯ ಮೂರು ಪ್ರತಿಶತಕ್ಕೂ ಹೆಚ್ಚು ಬದಲಾಗುತ್ತದೆ, ಇಷ್ಟು ಒರಟು ಸಾಧನದಲ್ಲಿ ಸೂಕ್ಷ್ಮ ತಿದ್ದುಪಡಿ ಅಸಾಧ್ಯವೆಂದಲ್ಲ, ಆದರೆ ಅನಗತ್ಯವಾಗಿ ಕಷ್ಟ.

ಪಿಚ್ ಮತ್ತು ರೋಲ್‌ಗಳಿಗೆ 15ರಿಂದ 25ರವರೆಗಿನ ಕರ್ವ್ (ಸ್ಟಿಕ್ ಚಲನೆಗೆ ವಿಮಾನ ಎಷ್ಟು ಸ್ಪಂದಿಸಬೇಕೆಂಬ ಹೊಂದಾಣಿಕೆ) ಹಾಕಿದರೆ ನಡುಭಾಗ ಮೆತ್ತಗಾಗುತ್ತದೆ. ಡೆಡ್‌ಝೋನ್ ಬೇಡ. ಸ್ಟಿಕ್ ನಡುವಿನಲ್ಲಿ ಏನೂ ಆಗದ ಒಂದು ಖಾಲಿ ಜಾಗವಿದ್ದರೆ, ಫಾರ್ಮೇಶನ್‌ನ ಸಣ್ಣ ಚಲನೆಗಳೆಲ್ಲ ಆ ಖಾಲಿಯೊಳಗೇ ಕಳೆದುಹೋಗಿ, ಅದನ್ನು ದಾಟಿದ ಕ್ಷಣ ವಿಮಾನ ಬೇಕಾದದ್ದಕ್ಕಿಂತ ಹೆಚ್ಚು ಚಲಿಸುತ್ತದೆ. ಸವೆದ ಸ್ಟಿಕ್‌ನ ನಡುಕ ಮುಚ್ಚಲು ಡೆಡ್‌ಝೋನ್ ಹಾಕಿದವರು ಅದನ್ನು ಒಂದು ಅಥವಾ ಎರಡಕ್ಕೆ ಇಳಿಸಿ ಪರೀಕ್ಷಿಸಬೇಕು. ಮೂಗನ್ನು ತುಸು ಕೆಳಕ್ಕೆ ಟ್ರಿಮ್ ಮಾಡಿ (ಸ್ಟಿಕ್ ಬಿಟ್ಟರೆ ಮೂಗು ತಾನಾಗಿ ಕೆಳಗಿಳಿಯುವಂತೆ ಹೊಂದಿಸಿ), ಸ್ಟಿಕ್ಕನ್ನು ಸದಾ ಸ್ವಲ್ಪ ಹಿಂದಕ್ಕೆ ಎಳೆದು ಹಿಡಿಯುವುದು ಇನ್ನೊಂದು ಉಪಾಯ. ಹೀಗೆ ಮಾಡಿದಾಗ ಸ್ಪ್ರಿಂಗ್‌ನ ನಡುಬಿಂದುವನ್ನು ಕೈ ದಾಟಬೇಕಾಗುವುದೇ ಇಲ್ಲ. ಅಮೆರಿಕದ ನೌಕಾಪಡೆಯ ಬ್ಲೂ ಏಂಜಲ್ಸ್ ತಂಡ ತನ್ನ ವಿಮಾನಗಳ ಸ್ಟಿಕ್‌ಗೆ ಸುಮಾರು 40 ಪೌಂಡ್ ಬಲದ ಸ್ಪ್ರಿಂಗ್ ಹಾಕಿ ಮೂಗು ಕೆಳಕ್ಕೆ ಎಳೆಯುವಂತೆ ಮಾಡಿಕೊಳ್ಳುವುದು ಇದೇ ತತ್ತ್ವದ ಮೇಲೆ. ಮೇಜಿನ ಮೇಲಿನ ಸ್ಟಿಕ್‌ಗೆ ಅಷ್ಟು ಬೇಡ, ಟ್ರಿಮ್ ಗುಂಡಿಯ ಎರಡು ಮೂರು ಒತ್ತು ಸಾಕು.

ಕಣ್ಣು ಏನನ್ನು ನೋಡುತ್ತಿದೆ

ಈ ಭಾಗವನ್ನು ಜಾರಿಸಿ ಮುಂದೆ ಹೋಗುವವರೇ ಹೆಚ್ಚು. ನನ್ನ ಅನುಭವದಲ್ಲಿ ಗುಣವಾಗದೆ ಉಳಿದ ದೋಷಗಳಲ್ಲಿ ಹೆಚ್ಚಿನವು ಇಲ್ಲಿಯೇ ಇರುತ್ತವೆ.

ಮೊದಲನೆಯದು ನೋಟದ ಕೋನ. 27 ಇಂಚಿನ ಪರದೆಯ ಅಗಲ ಸುಮಾರು 60 ಸೆಂಟಿಮೀಟರ್. ಅದರಿಂದ 70 ಸೆಂಟಿಮೀಟರ್ ದೂರ ಕುಳಿತರೆ ಪರದೆ ನಿಮ್ಮ ಕಣ್ಣಿಗೆ ಸುಮಾರು 46 ಡಿಗ್ರಿ ಅಗಲ ತುಂಬುತ್ತದೆ. ಆ ಕಿಟಕಿಯೊಳಗೆ ಸಿಮ್ಯುಲೇಟರ್ 80 ಡಿಗ್ರಿಯ ದೃಶ್ಯವನ್ನು ತುರುಕಿದರೆ ಪರದೆಯ ನಡುವಿನ ಎಲ್ಲವೂ ಅರ್ಧ ಗಾತ್ರಕ್ಕೆ ಕುಗ್ಗುತ್ತದೆ. ಅಂದರೆ 15 ಮೀಟರ್ ದೂರದ ಲೀಡ್ ಸುಮಾರು 30 ಮೀಟರ್ ದೂರದಲ್ಲಿರುವಂತೆ ಕಾಣುತ್ತಾನೆ. ‘ಇನ್ನೂ ದೂರವಿದೆ’ ಎಂದುಕೊಂಡು ಹತ್ತಿರ ಹೋಗುತ್ತಲೇ ಡಿಕ್ಕಿ ಹೊಡೆಯುವವರ ತೊಂದರೆ ಇದು. ಇದಕ್ಕಿಂತ ಕೆಟ್ಟದ್ದು ಹಾರಾಟದ ನಡುವೆ ಝೂಮ್ ಬದಲಿಸುವುದು. ಆಗ ದೂರ ಬದಲಾಗದೆ ಗಾತ್ರ ಬದಲಾಗಿ, ಕಣ್ಣು ಅಷ್ಟರವರೆಗೆ ಕಟ್ಟಿಕೊಂಡ ಅಂದಾಜೆಲ್ಲ ಅಳಿಸಿಹೋಗುತ್ತದೆ. ಲೀಡ್ ಪೂರ್ತಿ ಕಾಣುವಷ್ಟು, ಸಾಧ್ಯವಾದಷ್ಟು ಕಿರಿದಾದ ಕೋನವೊಂದನ್ನು ಆರಿಸಿ, ಅದನ್ನೇ ಆ ವಿಮಾನದ ಆರಂಭಿಕ ನೋಟವಾಗಿ ಉಳಿಸಿ, ಫಾರ್ಮೇಶನ್‌ನಲ್ಲಿ ಝೂಮ್ ಅಕ್ಷವನ್ನು ಮುಟ್ಟದಿರಿ. ಆ ಅಕ್ಷ ಕೈತಪ್ಪಿ ತಗಲುವ ಜಾಗದಲ್ಲಿದ್ದರೆ ತೆಗೆದೇಬಿಡಿ.

ಎರಡನೆಯದು ಆಧಾರಬಿಂದುಗಳು. ‘ಲೀಡ್ ನನ್ನ ಕ್ಯಾನೊಪಿ (ಕಾಕ್‌ಪಿಟ್ ಮೇಲಿನ ಗಾಜಿನ ಮುಚ್ಚಳ) ಚೌಕಟ್ಟಿನ ಈ ಮೂಲೆಯಲ್ಲಿ ಕಂಡರೆ ಸರಿ’ ಎಂದು ಗುರುತಿಟ್ಟುಕೊಳ್ಳುವುದು ಬಹು ಪ್ರಚಲಿತ ತಪ್ಪು. ಹೆಡ್ ಟ್ರ್ಯಾಕಿಂಗ್ (ತಲೆಯ ಚಲನೆಗೆ ತಕ್ಕಂತೆ ನೋಟ ಬದಲಿಸುವ ಸಾಧನ) ಅಥವಾ ವಿಆರ್ ಕನ್ನಡಕ ಬಳಸುವಾಗ ನಿಮ್ಮ ತಲೆ ಹತ್ತು ಸೆಂಟಿಮೀಟರ್ ಸರಿದರೆ, 60 ಸೆಂಟಿಮೀಟರ್ ದೂರದ ಚೌಕಟ್ಟು ಹಿನ್ನೆಲೆಗೆ ಹೋಲಿಸಿದರೆ ಒಂಬತ್ತು ಡಿಗ್ರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ, 15 ಮೀಟರ್ ದೂರದ ಲೀಡ್ ಅರ್ಧ ಡಿಗ್ರಿಯೂ ಸರಿಯುವುದಿಲ್ಲ. ವಿಮಾನ ಕದಲದೆ ಇದ್ದರೂ ಲೀಡ್ ಮೂಲೆಯಿಂದ ಜಾರಿದಂತೆ ಕಂಡು ನೀವು ಸ್ಟಿಕ್ ಚಲಿಸುತ್ತೀರಿ. ಇದನ್ನು ಪರೀಕ್ಷಿಸಲು ಮಿಷನ್ನನ್ನು ಪಾಸ್ ಮಾಡಿ (ತಡೆದು ನಿಲ್ಲಿಸಿ) ತಲೆಯನ್ನು ಮಾತ್ರ ಎಡ ಬಲಕ್ಕೆ ಸರಿಸಿ ನೋಡಿ. ನಿಮ್ಮ ಗುರುತು ಕೆಟ್ಟರೆ ಆ ಗುರುತು ನಂಬಿಕೆಗೆ ಅರ್ಹವಲ್ಲ.

ಗುರುತಿನ ಎರಡೂ ತುದಿಗಳು ಲೀಡ್ ವಿಮಾನದ ಮೇಲೆಯೇ ಇರಬೇಕು. ಉದಾಹರಣೆಗೆ ಎಫ್/ಎ-18ರಲ್ಲಿ ಹತ್ತಿರದ ರೆಕ್ಕೆತುದಿಯ ಕ್ಷಿಪಣಿ ಕಂಬಿಯ ಮುಂತುದಿ ಲೀಡ್ ಪೈಲಟ್‌ನ ಹೆಲ್ಮೆಟ್‌ನೊಂದಿಗೆ ಒಂದೇ ಗೆರೆಗೆ ಬರುವಂತೆ ನಿಂತರೆ, ನೀವು ಲೀಡ್‌ನಿಂದ ಹೊರಡುವ ಒಂದು ನಿಶ್ಚಿತ ಓರೆಗೆರೆಯ ಮೇಲೆ ಇರುತ್ತೀರಿ. ಆ ಗೆರೆಯ ಮೇಲೆ ಎಷ್ಟು ದೂರದಲ್ಲಿದ್ದೀರಿ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಎರಡನೆಯ ಜೋಡಿ ಬೇಕು, ಹಿಂಭಾಗದಲ್ಲಿ ಎರಡು ಇಂಜಿನ್ ನಳಿಕೆಗಳು ಒಂದರ ಹಿಂದೊಂದು ಎಷ್ಟು ಮರೆಯಾಗಿವೆ ಎಂಬಂಥದ್ದು. ಎರಡು ಗೆರೆಗಳು ಕೂಡುವ ಬಿಂದುವೇ ನಿಮ್ಮ ಜಾಗ. ಈ ಜೋಡಿಗಳನ್ನು ಯಾರೋ ಹೇಳಿದ್ದರಿಂದ ತೆಗೆದುಕೊಳ್ಳುವುದಕ್ಕಿಂತ ನೀವೇ ಹುಡುಕುವುದು ಲೇಸು. ಸ್ನೇಹಿತರು ಒಪ್ಪಿದ ಸ್ಥಾನಕ್ಕೆ ಹೇಗಾದರೂ ತಲುಪಿ, ಪಾಸ್ ಮಾಡಿ, ಹೊರನೋಟದಿಂದ ಅಂತರ ಸರಿಯಿದೆಯೆಂದು ಖಚಿತಪಡಿಸಿ, ಮತ್ತೆ ಕಾಕ್‌ಪಿಟ್ಟಿಗೆ ಬಂದು ಯಾವುದು ಯಾವುದರ ಮೇಲೆ ಬಿದ್ದಿದೆ ಎಂದು ನೋಡಿ ಒಂದು ಚಿತ್ರ ಉಳಿಸಿಕೊಳ್ಳಿ.

ಗುರುತು ಸಿಕ್ಕ ಮೇಲೆ ಅದನ್ನೇ ದಿಟ್ಟಿಸುತ್ತ ಕೂರಬಾರದೆಂಬುದೂ ಅಷ್ಟೇ ನಿಜ. ಒಂದು ಬಿಂದುವಿಗೆ ಕಣ್ಣು ಅಂಟಿದಾಗ ಪಕ್ಕಕ್ಕೆ ಸರಿದದ್ದು ಗೊತ್ತಾಗುತ್ತದೆ, ಹತ್ತಿರ ಬಂದದ್ದು ಗೊತ್ತಾಗುವುದಿಲ್ಲ. ಇಡೀ ವಿಮಾನವನ್ನು ನೋಡುತ್ತ ಗುರುತನ್ನು ಆಗಾಗ ತಪಾಸಣೆ ಮಾಡಿ.

ನಿಧಾನದ ತೂಗಾಟ, ವೇಗದ ನಡುಕ

ಹೊರಗಿನ ಕಾರಣಗಳೆಲ್ಲ ತೀರಿದ ಮೇಲೂ ಸ್ಥಾನ ನಿಲ್ಲದಿದ್ದರೆ, ತೂಗಾಟದ ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಎಣಿಸಿ. ಹಾರ್ಮೋನಿಯಂ ತಿದಿಯ ಹಾಗೆ ಲೀಡ್ ಹತ್ತು ಇಪ್ಪತ್ತು ಸೆಕೆಂಡುಗಳಲ್ಲಿ ಒಮ್ಮೆ ಹತ್ತಿರ ಬಂದು ದೂರ ಹೋದರೆ ದೋಷ ಥ್ರಾಟಲ್‌ನದು. ಒಂದು ಎರಡು ಸೆಕೆಂಡುಗಳಲ್ಲಿ ಮೂಗು ಮೇಲೆ ಕೆಳಗೆ ಆಡಿದರೆ ಸ್ಟಿಕ್‌ನದು. ಎರಡೂ ಒಟ್ಟಿಗಿದ್ದರೆ ಥ್ರಾಟಲನ್ನು ಮೊದಲು ಸರಿಪಡಿಸಿ, ಏಕೆಂದರೆ ಹಿಂದೆ ಮುಂದೆ ಸರಿಯುತ್ತಿರುವ ವಿಮಾನದಲ್ಲಿ ಲೀಡ್ ಕಾಣುವ ಕೋನವೂ ಬದಲಾಗುತ್ತಿದ್ದು, ಅದನ್ನು ಕೈ ಸ್ಟಿಕ್‌ನಿಂದ ತಿದ್ದಲು ಹೊರಡುತ್ತದೆ. ಸ್ಟಿಕ್‌ನ ದೋಷವೆಂದು ತೋರುವ ಎಷ್ಟೋ ನಡುಕಗಳ ಮೂಲ ಥ್ರಾಟಲ್‌ನಲ್ಲಿರುತ್ತದೆ.

ಥ್ರಾಟಲ್ ಯಾಕೆ ಇಷ್ಟು ಕಾಡುತ್ತದೆ? ನೀವು ಸನ್ನೆ ಸರಿಸಿದ ಮೇಲೆ ಇಂಜಿನ್ ವೇಗ ಪಡೆಯಲು ಒಂದಿಷ್ಟು ಹೊತ್ತು ಬೇಕು, ಆ ಬಲ ವಿಮಾನದ ವೇಗವಾಗಲು ಮತ್ತಿಷ್ಟು, ಆ ವೇಗ ಕಣ್ಣಿಗೆ ಕಾಣುವ ಅಂತರವಾಗಲು ಇನ್ನಷ್ಟು. ಒಂದು ನಾಟ್ ಎಂದರೆ ಸೆಕೆಂಡಿಗೆ ಅರ್ಧ ಮೀಟರ್. ಒಂದೇ ಒಂದು ನಾಟ್ ಹೆಚ್ಚಾಗಿ ಐದು ಸೆಕೆಂಡ್ ಕಳೆದರೆ ಎರಡೂವರೆ ಮೀಟರ್ ಮುಂದೆ ಹೋಗಿರುತ್ತೀರಿ. ಆದ್ದರಿಂದ ಸ್ಥಾನ ನೋಡಿ ಥ್ರಾಟಲ್ ಸರಿಸುವವರು ಸದಾ ತಡವಾಗಿಯೇ ಇರುತ್ತಾರೆ. ನೋಡಬೇಕಾದದ್ದು ಚಲನೆಯನ್ನು: ಗುರುತು ಜಾರಲು ಆರಂಭಿಸಿದ ಕ್ಷಣವೇ ಕೈ ಓಡಬೇಕು.

ತಿದ್ದುಪಡಿಗೆ ಮೂರು ಹೆಜ್ಜೆಗಳಿವೆ. ಹಿಂದೆ ಬೀಳುತ್ತಿದ್ದೀರಿ ಎಂದುಕೊಳ್ಳಿ. ಥ್ರಾಟಲನ್ನು ಮುಂದೆ ತಳ್ಳಿ, ಜಾರುವುದು ನಿಂತು ಮುಂದೆ ಹೋಗತೊಡಗಿದಾಗ ತಳ್ಳಿದ್ದಕ್ಕಿಂತ ತುಸು ಹೆಚ್ಚು ಹಿಂದಕ್ಕೆಳೆದು ಆ ಚಲನೆಯನ್ನು ಕೊಂದು, ಕೊನೆಗೆ ಎರಡರ ನಡುವೆ ನಿಲ್ಲಿಸಿ. ಮೊದಲ ಹೆಜ್ಜೆಯನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಗುರುತು ಸರಿಯಾಗಿ ಕೂಡಿದ ಮೇಲೆ ಮಾಡುತ್ತಾರೆ, ಅಷ್ಟರಲ್ಲಿ ತಡವಾಗಿರುತ್ತದೆ. ಗುರುತು ಕೂಡುವ ಮೊದಲೇ, ಇನ್ನೂ ಒಂದು ಮೀಟರ್ ಬಾಕಿ ಇರುವಾಗಲೇ, ಹಿಂದಕ್ಕೆ ಎಳೆದು ನೋಡಿ. ತೂಗಾಟದ ಅಗಲ ಕೆಲವೇ ಸುತ್ತುಗಳಲ್ಲಿ ಕುಗ್ಗುತ್ತದೆ. ಎಲ್-39ರಂಥ ನಿಧಾನದ ಇಂಜಿನ್ ಇರುವ ವಿಮಾನಗಳಲ್ಲಿ ಈ ಮುಂದಾಲೋಚನೆ ಇನ್ನೂ ಹೆಚ್ಚು ಬೇಕು. ಅಲ್ಲಿ ಥ್ರಾಟಲನ್ನು ಪೂರ್ತಿ ಹಿಂದಕ್ಕೆ ಎಳೆದರಂತೂ ಇಂಜಿನ್ ಮತ್ತೆ ಏಳುವಷ್ಟರಲ್ಲಿ ಲೀಡ್ ಬಹಳ ದೂರ ಹೋಗಿರುತ್ತಾನೆ. ಟಿಎಫ್-51ಡಿಯಲ್ಲಿ ಪ್ರತಿಕ್ರಿಯೆ ಚುರುಕು, ಆದರೆ ಶಕ್ತಿ ಬದಲಾದಾಗಲೆಲ್ಲ ಮೂಗು ಪಕ್ಕಕ್ಕೆ ಎಳೆಯುವುದರಿಂದ ಪೆಡಲ್ ಬೇಕಾಗುತ್ತದೆ.

ಸ್ಟಿಕ್‌ನ ವೇಗದ ನಡುಕಕ್ಕೆ ಇನ್ನಷ್ಟು ತಿದ್ದುವುದು ಮದ್ದಲ್ಲ. ವಿಮಾನ ಮೇಲೇರಿದಾಗ ನೀವು ತಳ್ಳುತ್ತೀರಿ, ಆ ತಳ್ಳಿಕೆ ಫಲಿಸುವ ಹೊತ್ತಿಗೆ ಅದು ತಾನಾಗಿ ಇಳಿಯುತ್ತಿರುತ್ತದೆ. ಹೀಗೆ ಕೈಯೇ ನಡುಕಕ್ಕೆ ಬಲ ಕೊಡುತ್ತದೆ. ಅಂಥ ಹೊತ್ತಿನಲ್ಲಿ ಸ್ಟಿಕ್ಕನ್ನು ಒಂದೇ ಕಡೆ ಹಿಡಿದು ನಿಲ್ಲಿಸಿ, ಹೊರಕ್ಕೆ ಒಂದಿಷ್ಟು ಸರಿದುಕೊಳ್ಳಿ. ಮುಂಗೈ ತೊಡೆಗೋ ಕುರ್ಚಿಯ ಕೈಗೋ ಆತುಕೊಂಡಿರಲಿ, ಸ್ಟಿಕ್ ಬೆರಳುಗಳಲ್ಲಿರಲಿ, ಮುಷ್ಟಿಯಲ್ಲಿ ಬೇಡ. ನಿಜವಾದ ವಿಮಾನಗಳ ಬೋಧಕರು ಶಿಷ್ಯರಿಗೆ ಕಾಲ್ಬೆರಳು ಆಡಿಸಿ ಎಂದು ಹೇಳುವ ರೂಢಿಯಿದೆ. ನಗು ಬರಿಸಿದರೂ ಫಲ ಕೊಡುತ್ತದೆ, ಯಾಕೆಂದರೆ ಬೆರಳು ಆಡಿಸುವಾಗ ಭುಜ ಬಿಗಿಹಿಡಿಯುವುದು ಕಷ್ಟ.

ಯಲಹಂಕದ ಏರೋ ಇಂಡಿಯಾದಲ್ಲಿ ಸೂರ್ಯಕಿರಣ್ ತಂಡದ ಒಂಬತ್ತು ಹಾಕ್ ವಿಮಾನಗಳನ್ನು ಕಂಡವರಿಗೆ ಅವು ಒಂದಕ್ಕೊಂದು ಅಂಟಿಕೊಂಡಂತೆ ತೋರಿರಬಹುದು. ನೆಲದಿಂದ ಕಾಣುವುದು ಹಾಗೆ. ಬೀದರ್‌ನ ಆ ತಂಡದ್ದೂ ಸೇರಿದಂತೆ ಯಾವುದೇ ತಂಡದ ಕಾಕ್‌ಪಿಟ್ ಒಳಗಿನ ಚಿತ್ರೀಕರಣ ನೋಡಿ: ಪಕ್ಕದ ವಿಮಾನ ಸದಾ ಸಣ್ಣದಾಗಿ ಆಡುತ್ತಿರುತ್ತದೆ, ಪೈಲಟ್‌ನ ಕೈ ಎಡೆಬಿಡದೆ ತಿದ್ದುತ್ತಿರುತ್ತದೆ. ಪೂರ್ತಿ ನಿಶ್ಚಲತೆಯನ್ನು ಗುರಿಯಾಗಿಟ್ಟುಕೊಂಡು ದೋಷ ಹುಡುಕಿದರೆ ದೋಷ ಎಂದೂ ಮುಗಿಯುವುದಿಲ್ಲ. ಅರ್ಧ ಮೀಟರ್, ಒಂದು ಮೀಟರ್ ಆಡುವುದು ಆರೋಗ್ಯದ ಲಕ್ಷಣ.

ತಿರುವಿನಲ್ಲಿ ಮಾತ್ರ ಕೆಡುವುದು

ನೇರದಲ್ಲಿ ನಿಂತು ತಿರುವಿನಲ್ಲಿ ಹಿಂದೆ ಬೀಳುವವರಿಗೆ ಒಂದು ಲೆಕ್ಕ. ಲೀಡ್ ನಿಮ್ಮಿಂದ ಆಚೆಗೆ ಅರುವತ್ತು ಡಿಗ್ರಿ ವಾಲಿದರೆ, ಅವನ ರೆಕ್ಕೆಯ ಸಮತಲದಲ್ಲಿ 15 ಮೀಟರ್ ದೂರವಿರುವ ನೀವು ಅವನಿಗಿಂತ 13 ಮೀಟರ್ ಮೇಲಕ್ಕೆ ಏರಬೇಕಾಗುತ್ತದೆ. ಏರುವಾಗ ವೇಗ ಕಳೆಯುತ್ತದೆ. ಮೇಲಾಗಿ 300 ನಾಟ್‌ನಲ್ಲಿ ಈ ತಿರುವಿನ ತ್ರಿಜ್ಯ ಸುಮಾರು 1,400 ಮೀಟರ್. ನೀವು ಹೊರಗಡೆ 20 ಮೀಟರ್ ಹೆಚ್ಚಿನ ತ್ರಿಜ್ಯದಲ್ಲಿದ್ದರೆ ಲೀಡ್‌ಗಿಂತ ನಾಲ್ಕು ನಾಟ್ ವೇಗವಾಗಿ ಹೋಗಬೇಕು. ವಾಲುವಿಕೆ ಆರಂಭವಾಗುತ್ತಿದ್ದಂತೆಯೇ ಥ್ರಾಟಲ್ ಮುಂದೆ ಹೋಗದಿದ್ದರೆ ಈ ಎರಡು ನಷ್ಟಗಳೂ ಒಟ್ಟಿಗೆ ಬರುತ್ತವೆ. ಒಳಗಡೆಯ ವಿಂಗ್‌ಮನ್‌ಗೆ ಎಲ್ಲವೂ ತಿರುಗುಮುರುಗು: ಇಳಿಯಬೇಕು, ಶಕ್ತಿ ಕಡಿಮೆ ಮಾಡಬೇಕು, ಮತ್ತು ನೆಲ ಹತ್ತಿರವಿದ್ದರೆ ಲೀಡ್ ಇದನ್ನು ನೆನಪಿಟ್ಟುಕೊಂಡಿರಬೇಕು.

ಲೀಡ್‌ನ ಹಿಂದೆ, ನೇರ ಸಾಲಿನಲ್ಲಿ ಹಾರುವಾಗ ವಿಮಾನ ಕಾರಣವಿಲ್ಲದೆ ಒಂದು ಕಡೆಗೆ ಉರುಳಿದರೆ ಸರ್ವರ್‌ನಲ್ಲಿ ವೇಕ್ ಟರ್ಬ್ಯುಲೆನ್ಸ್ (ಮುಂದಿನ ವಿಮಾನ ಹಿಂದೆ ಬಿಡುವ ಗಾಳಿಯ ಸುಳಿ) ಆಯ್ಕೆ ಚಾಲೂ ಇದೆಯೇ ಎಂದು ಕೇಳಿ. ಇದ್ದರೆ ಲೀಡ್‌ನ ಇಂಜಿನ್ ನಳಿಕೆಗಿಂತ ಸಾಕಷ್ಟು ಕೆಳಗೆ ಇಳಿದುಕೊಳ್ಳಿ.

ಸೇರುವಾಗ ದಾಟಿಹೋಗುವುದು, ಲೀಡ್ ಕಾಣೆಯಾಗುವುದು

ದೂರದಿಂದ ಬಂದು ಸೇರುವಾಗ ಒಂದೇ ಏಟಿಗೆ ಸ್ಥಾನಕ್ಕೆ ನುಗ್ಗಬೇಡಿ. ಇಪ್ಪತ್ತು ಮೂವತ್ತು ನಾಟ್ ಹೆಚ್ಚಿನ ವೇಗದಲ್ಲಿ ಬಂದು, ನೂರು ಮೀಟರ್ ಅಂತರದಲ್ಲಿ ಪೂರ್ತಿ ನಿಂತು, ಅಲ್ಲಿಂದ ಒಳಕ್ಕೆ ತೆವಳಿ. ವೇಗ ಹೆಚ್ಚಾಯಿತೆಂದು ತಿಳಿದರೆ ಲೀಡ್‌ನ ಕೆಳಗಿನಿಂದ, ಅವನು ಸದಾ ಕಾಣುವಂತೆ, ಹೊರಬದಿಗೆ ದಾಟಿಹೋಗಿ. ಹೊಟ್ಟೆಯನ್ನು ಅವನತ್ತ ತೋರಿಸಿ ವಾಲಿದರೆ ಲೀಡ್ ನಿಮ್ಮ ವಿಮಾನದ ಅಡಿಯಲ್ಲಿ ಮರೆಯಾಗುತ್ತಾನೆ, ಸಿಮ್ಯುಲೇಟರ್‌ನ ಡಿಕ್ಕಿಗಳಲ್ಲಿ ಬಹುಪಾಲು ಆಗುವುದು ಆಗಲೇ. ಲೀಡ್ ಕಣ್ಣಿಂದ ತಪ್ಪಿದ ಕೂಡಲೇ ‘ಬ್ಲೈಂಡ್’ ಎಂದು ಹೇಳಿ ಅವನಿಂದ ದೂರದ ದಿಕ್ಕಿಗೆ ಬೇರ್ಪಡಿ.

ಯಾವ ಭಾಗದಲ್ಲಿ ದೋಷ ಕಂಡಿತೆಂದು ಖಚಿತವಾಗದಿದ್ದರೆ ಟ್ಯಾಕ್‌ವ್ಯೂ ಬಳಸಿ. ಇದರ ಉಚಿತ ಆವೃತ್ತಿಯೂ ಇದೆ. ಇದು ಹಾರಾಟವನ್ನು ದಾಖಲಿಸಿ ಆಮೇಲೆ ಮತ್ತೆ ತೋರಿಸುತ್ತದೆ, ಎರಡು ವಿಮಾನಗಳನ್ನು ಆರಿಸಿದರೆ ಅವುಗಳ ನಡುವಿನ ಅಂತರವನ್ನೂ ಸಮೀಪಿಸುವ ವೇಗವನ್ನೂ ಕ್ಷಣ ಕ್ಷಣಕ್ಕೆ ಬರೆಯುತ್ತದೆ. ಆದರೆ ನಿಮ್ಮ ಕಂಪ್ಯೂಟರಿನ ದಾಖಲೆ ನಿಮಗೆ ಕಂಡ ಜಗತ್ತಿನದು, ಲೀಡ್‌ನ ದಾಖಲೆ ಅವನಿಗೆ ಕಂಡದ್ದರದು. ಇಬ್ಬರೂ ಒಂದೇ ಹಾರಾಟದ ಕಡತಗಳನ್ನು ತಂದು ಒಂದೇ ಕ್ಷಣದಲ್ಲಿ ನಿಲ್ಲಿಸಿ ಅಂತರಗಳನ್ನು ಹೋಲಿಸಬೇಕು. ಎರಡೂ ಕಡತಗಳಲ್ಲಿ ಅಂತರ ಒಂದೇ ರೀತಿ ಏರಿಳಿದರೆ ಆ ಏರಿಳಿತ ನಿಜವಾಗಿಯೂ ಹಾರಾಟದಲ್ಲಿ ಆದದ್ದು. ಅದರ ಒಂದು ಸುತ್ತಿನ ಅವಧಿ ಎಣಿಸಿ ಥ್ರಾಟಲ್ ಅಥವಾ ಸ್ಟಿಕ್‌ನ ಭಾಗಕ್ಕೆ ಹೋಗಿ. ಒಂದರಲ್ಲಿ ನೆಟ್ಟಗಿದ್ದು ಇನ್ನೊಂದರಲ್ಲಿ ಹಲ್ಲು ಹಲ್ಲಾಗಿದ್ದರೆ, ಹಲ್ಲಾಗಿರುವ ಕಡತದಲ್ಲಿ ಎರಡು ವಿಮಾನಗಳಲ್ಲಿ ಯಾವುದು ಜಿಗಿಯುತ್ತಿದೆ ಎಂದು ನೋಡಿ, ಮೊದಲು ಆ ವಿಮಾನ ಹಾರಿಸುತ್ತಿದ್ದವರಿಗೆ ತಮ್ಮ ಮನೆಯ ರೂಟರ್‌ಗೆ ಪಿಂಗ್ ಕಳಿಸಲು ಹೇಳಿ. ಅಲ್ಲಿ ಏನೂ ಸಿಗದಿದ್ದರೆ ಮಾತ್ರ ನೋಡುತ್ತಿದ್ದವರ ಕಡೆಗೆ ಬನ್ನಿ.